ತಾಯಿ ಕಾರ್ಡಿನ ಐದನೇ ಸಾಲು

ಕುಂದಾಣ ಹೋಬಳಿಯಲ್ಲಿ ಕಂಪ್ಯೂಟರ್ ಎಂಬ ಶಬ್ದವನ್ನು ಮೊಟ್ಟಮೊದಲು ಬಾಯಿಬಿಟ್ಟು ಹೇಳಿದವನು ಸಂಜೀವಪ್ಪ. ಹೇಳಿದ ರಭಸಕ್ಕೆ ಅರಳಿಮರದ ಕಾಗೆಗಳೆಲ್ಲ ಹಾರಿಹೋಗಿ ಮೂರು ದಿನ ಊರ ಕಡೆ ತಲೆ ಹಾಕಲಿಲ್ಲ ಎನ್ನುತ್ತಾರೆ. ಅದು ತಪ್ಪು. ನಾಲ್ಕು ದಿನ.

ಇದು ಎಪ್ಪತ್ತಮೂರನೇ ಇಸವಿಯ ಮಾತು. ಸಂಜೀವಪ್ಪ ದೇವನಹಳ್ಳಿಯಿಂದ ದಿನಾ ಬೆಂಗಳೂರಿನ ಒಂದು ಭಾರಿ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಎಂಟು ಜೊತೆ ಎತ್ತು ಕಟ್ಟುವ ಕೊಟ್ಟಿಗೆಯಷ್ಟು ದೊಡ್ಡದು. ಅದಕ್ಕೆ ಸೆಕೆಯಾಗಬಾರದೆಂದು ತಣ್ಣನೆ ಗಾಳಿಯ ಕೋಣೆ ಕಟ್ಟಿಸಿ, ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕೆಂದು ಬೋರ್ಡು ಹಾಕಿದ್ದರು. ಸಂಜೀವಪ್ಪನ ಕೆಲಸ ಆ ಕೋಣೆಯ ಹೊರಗೆ. ಅಂಗೈಗಿಂತ ತುಸು ಉದ್ದನೆಯ ದಪ್ಪ ಕಾಗದದ ಕಾರ್ಡುಗಳಿಗೆ ಬೆಳಗಿನಿಂದ ಸಂಜೆವರೆಗೆ ಯಂತ್ರದಲ್ಲಿ ತೂತು ಹೊಡೆಯುವುದು. ಆದರೆ ಮಾವನ ಮನೆಯಲ್ಲಿ ಅವನು ಹೇಳಿದ್ದು, "ಕಂಪ್ಯೂಟರ್ ನಡೆಸ್ತೀನಿ" ಎಂದು.

"ನಡೆಸೋದು ಅಂದ್ರೆ, ಹಿಂದೆ ನಿಂತ್ಕೊಂಡಾ, ಮುಂದೆ ನಿಂತ್ಕೊಂಡಾ?" ಎಂದು ಮಾವ ಅಪ್ಪಯ್ಯಣ್ಣ ಕೇಳಿದ್ದರು.

"ಕೂತ್ಕೊಂಡು, ಮಾವ."

ಅಪ್ಪಯ್ಯಣ್ಣ ಕುಂದಾಣದಲ್ಲಿ ಹೆಸರಿದ್ದ ರೈತರು. ಅಳಿಯ ಕೂತು ಮಾಡುವ ಕೆಲಸದಲ್ಲಿದ್ದಾನೆ ಎಂಬುದೇ ಅವರಿಗೆ ಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಕಾರ್ಖಾನೆಗೆ ನಾರ್ವೆ ದೇಶದಲ್ಲಿ ಓದಿಬಂದ ಎಂಜಿನಿಯರೊಬ್ಬರು ಬಂದು ಭಾಷಣ ಮಾಡಿದರು. ಪ್ರೋಗ್ರಾಮು ಬರೆಯುವವರು ಪ್ರತಿಯೊಂದನ್ನೂ ಮೊದಲಿನಿಂದ ಬರೆದು ಸಾಯುವುದು ಬೇಡ, ಒಂದು ತಾಯಿ ನಮೂನೆ ಬರೆದಿಡಿ, ಅದರಿಂದ ಮಕ್ಕಳ ನಮೂನೆಗಳನ್ನು ಮಾಡಿಕೊಳ್ಳಿ ಎಂದರು. ತಾಯಿಯಲ್ಲಿ ಇರುವುದೆಲ್ಲ ಮಕ್ಕಳಿಗೆ ತಾನಾಗಿಯೇ ಬರುತ್ತದೆ. ಮಕ್ಕಳಲ್ಲಿ ಏನು ಬೇರೆಯೋ ಅಷ್ಟನ್ನು ಬರೆದರೆ ಮುಗಿಯಿತು. ತಾಯಿಯಲ್ಲಿ ಒಂದು ಸಾಲು ತಿದ್ದಿದರೆ ನೂರು ಮಕ್ಕಳಲ್ಲೂ ತಿದ್ದಿದ ಹಾಗೆ. ಸಂಜೀವಪ್ಪನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕಾಫಿ ಬಿಡುವಾದ ಮೇಲೆ ಅದೇ ಎಂಜಿನಿಯರು, ಈ ಪದ್ಧತಿಯಲ್ಲಿ ಕೆಲಸ ಮಾಡುವವರಿಗೆ ದಿನನಿತ್ಯ ಎದುರಾಗುವ ತೊಂದರೆಗಳನ್ನು ಕುರಿತು ಎರಡು ಗಂಟೆ ಮಾತಾಡಿದರಂತೆ. ಆ ಹೊತ್ತಿಗೆ ಸಂಜೀವಪ್ಪ ದೇವನಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದ.

ಅರ್ಧ ವಿದ್ಯೆ ಕೈಗೆ ಬಂದ ಮೇಲೆ ಅದನ್ನು ಪ್ರಯೋಗಿಸಲು ಜಾಗ ಬೇಕಲ್ಲ. ಅದೇ ತಿಂಗಳು ನಾದಿನಿ ಭಾಗ್ಯಮ್ಮನ ಮದುವೆ ಗೊತ್ತಾಯಿತು.

ಭಾಗ್ಯಮ್ಮ ಎಸ್ಸೆಸೆಲ್ಸಿ ಪಾಸಾದ ಹುಡುಗಿ. ಈ ಮೊದಲು ಅವಳಿಗೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೊದಲನೆಯದು ಜಾತಕದಿಂದ. ಎರಡನೆಯದು ಗಂಡಿನ ಕಡೆಯವರಿಗೆ ಕೊಟ್ಟ ಕಾಫಿ ಆರಿತ್ತು ಎಂಬ ಕಾರಣದಿಂದ; ಅವರು ಎದ್ದು ಹೋದ ವೇಗಕ್ಕೆ ಜಗಲಿಯ ಚಾಪೆ ಬಾವಿಯವರೆಗೆ ಹಾರಿತ್ತು. ಈಗ ಸಮೇತನಹಳ್ಳಿಯ ಆದಿನಾರಾಯಣಪ್ಪನವರ ಮಗ ಆಂಜಿನಪ್ಪ, ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹೆಣ್ಣು ನೋಡಲು ಬಂದವನು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು, "ಉಪ್ಪು ಸ್ವಲ್ಪ ಜಾಸ್ತಿ, ಆದ್ರೂ ಚೆನ್ನಾಗಿದೆ" ಎಂದು ನಿಜ ಹೇಳಿದ್ದ. ಬಾಗಿಲ ಸಂದಿಯಿಂದ ಕೇಳಿಸಿಕೊಂಡ ಭಾಗ್ಯಮ್ಮ ಅಲ್ಲೇ ಮನಸ್ಸು ಮಾಡಿಬಿಟ್ಟಳು. ಮೂರನೆಯದೂ ಕೈ ತಪ್ಪಿದರೆ ಹುಡುಗಿಯ ಹೆಸರು ಕೆಡುತ್ತದೆ ಎಂಬ ಭಯ ಅಪ್ಪಯ್ಯಣ್ಣನಿಗೆ.

"ಉಪಚಾರದಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಕೂಡ್ದು" ಎಂದರು ಮಾವ.

"ಬುಡಿ ಮಾವ, ಕಂಪ್ಯೂಟರ್ ಪದ್ಧತಿಲಿ ಮಾಡ್ಬಿಡೋಣ" ಎಂದ ಸಂಜೀವಪ್ಪ.

ಹೆಂಡತಿ ವರಲಕ್ಷ್ಮಮ್ಮ ಒರಳಿನ ಮುಂದೆ ಕೂತಲ್ಲಿಂದಲೇ, "ಅಪ್ಪಾ, ಇವರು ಮನೇಲಿ ಕಾಫಿ ಕಾಯ್ಸೋಕೆ ಹೋಗಿ ಪಾತ್ರೆ ತೂತು ಮಾಡಿದೋರು" ಎಂದಳು. ಆ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಾರ್ಖಾನೆಯಲ್ಲಿ ಹಾಳಾದ ಕಾರ್ಡುಗಳನ್ನು ಸಂಜೀವಪ್ಪ ಮನೆಗೆ ತರುತ್ತಿದ್ದ. ಅವುಗಳ ಬೆನ್ನ ಮೇಲೆ ಅವನು ಮದುವೆಯ ಆಡಳಿತವನ್ನು ಬರೆದ. ಮೊದಲನೆಯದು ತಾಯಿ ಕಾರ್ಡು, ತಲೆಬರಹ 'ನೆಂಟ'. ಒಂದು, ಕಾಲಿಗೆ ನೀರು ಕೊಡುವುದು. ಎರಡು, ಕಾಫಿ ಕೊಡುವುದು. ಮೂರು, ಎಲೆ ಹಾಕಿ ಬಡಿಸುವುದು. ನಾಲ್ಕು, ತಾಂಬೂಲ ತೆಂಗಿನಕಾಯಿ ಕೊಡುವುದು. ಅಷ್ಟೇ. ಆಮೇಲೆ ಮಕ್ಕಳ ಕಾರ್ಡುಗಳು. 'ಹೆಂಗಸರು: ನೆಂಟನಂತೆಯೇ. ವಿಶೇಷ, ಅರಿಸಿನ ಕುಂಕುಮ.' 'ಸಾಹೇಬರು: ನೆಂಟನಂತೆಯೇ. ವಿಶೇಷ, ಕುರ್ಚಿ.' 'ಗಂಡಿನ ಕಡೆಯವರು: ನೆಂಟನಂತೆಯೇ. ವಿಶೇಷ, ಪಾನಕ, ಬೀಸಣಿಗೆ.' 'ಮದುವೆ ಗಂಡು: ಗಂಡಿನ ಕಡೆಯವರಂತೆಯೇ. ವಿಶೇಷ, ಹಾರ.' ಹೀಗೆ ಇಪ್ಪತ್ತಾರು ಕಾರ್ಡು. ಓದಿ ಹೇಳಿದಾಗ ಊರಿನ ಪಟೇಲರೇ ತಲೆದೂಗಿ, ಸರ್ಕಾರ ಇಷ್ಟು ಚೆನ್ನಾಗಿ ನಡೆಯುತ್ತಿಲ್ಲ ಎಂದರು.

ಕಾರ್ಡು ಬರೆದರೆ ಸಾಲದು, ಅದರಂತೆ ನಡೆಯುವ ಯಂತ್ರ ಬೇಕು. ಕುಂದಾಣದಲ್ಲಿ ಆ ಯಂತ್ರವೂ ಸಿದ್ಧವಾಗಿತ್ತು. ಅದರ ಹೆಸರು ಪಿಳ್ಳಪ್ಪ.

ಪಿಳ್ಳಪ್ಪ ಅಪ್ಪಯ್ಯಣ್ಣನ ಹೆಂಡತಿಯ ತಮ್ಮ, ಅಂದರೆ ಭಾಗ್ಯಮ್ಮನ ಸೋದರಮಾವ. ಕೋರ್ಟಿನಲ್ಲಿ ಅಮೀನನಾಗಿ ಮೂವತ್ತು ವರ್ಷ ಸಮನ್ಸು ಮುಟ್ಟಿಸಿ ನಿವೃತ್ತನಾದವನು. ಕಾಗದದಲ್ಲಿ ಬರೆದಿದ್ದನ್ನು ಮಾಡುವುದು, ಬರೆಯದೆ ಇದ್ದದ್ದನ್ನು ಮಾಡದಿರುವುದು, ಇವೆರಡೇ ಅವನಿಗೆ ಗೊತ್ತಿದ್ದ ಧರ್ಮ. ಒಮ್ಮೆ ಹೆತ್ತ ತಂದೆಗೇ ಸಮನ್ಸು ಬಂದಾಗ ಹೊಸಿಲ ಹೊರಗೆ ನಿಂತು, "ತಮ್ಮ ಹೆಸರು? ತಂದೆ ಹೆಸರು?" ಎಂದು ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಒಳಗೆ ಹೋಗಿ ಊಟಕ್ಕೆ ಕೂತಿದ್ದ. ಅಂಥವನ ಕೈಗೆ ಕಾರ್ಡಿನ ಕಟ್ಟು ಬಂತು. ಅದರ ತೂತುಗಳನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಮೇಲಿನೋರು ಹೊಡೆದ ತೂತೇ" ಎಂದು ಭಕ್ತಿಯಿಂದ ಜೇಬಿಗಿಟ್ಟುಕೊಂಡ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪಯ್ಯಣ್ಣ ಅಳಿಯನನ್ನು ಚಪ್ಪರದ ಮೂಲೆಗೆ ಕರೆದರು.

"ದೊಡ್ಡ ಮಗಳ ಮದುವೇಲಿ ಬಂದ ನೆಂಟರು ಹದಿನೈದು ದಿನ ಅಲ್ಲಾಡ್ಲಿಲ್ಲ. ಅದರಲ್ಲೊಬ್ಬ ನಮ್ಮ ಕೊಟ್ಟಿಗೇಲೇ ಹಸು ಕಟ್ಕೊಂಡು ಹಾಲು ಮಾರ್ದ. ಇದಕ್ಕೇನಾದ್ರೂ ನಿನ್ನ ಪದ್ಧತೀಲಿ ಉಪಾಯ ಐತಾ?"

ಸಂಜೀವಪ್ಪ ನಕ್ಕ. ಇಪ್ಪತ್ತಾರು ಕಾರ್ಡು ತಿದ್ದುವವನು ಮೂರ್ಖ. ಪಿಳ್ಳಪ್ಪನ ಜೇಬಿನಿಂದ ತಾಯಿ ಕಾರ್ಡೊಂದನ್ನೇ ಈಚೆಗೆಳೆದು ಐದನೇ ಸಾಲು ಬರೆದ: 'ಎಲೆಯಿಂದ ಎದ್ದ ಕೂಡಲೇ ಮೊದಲು ಸಿಕ್ಕ ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸುವುದು.'

"ಒಂದು ಸಾಲು, ಮಾವ. ಎಲ್ಲಾ ಕಾರ್ಡಿಗೂ ತಾನೇ ಹೋಯ್ತು."

"ಹೆಂಗೆ ಹೋಯ್ತು? ನಾನು ನೋಡ್ತಾನೇ ಇದ್ದೆ, ಏನೂ ಹೋಗ್ಲಿಲ್ಲವಲ್ಲ."

"ಅದೇ ಮಾವ ಇದರ ಹೆಚ್ಚುಗಾರಿಕೆ."

ಮದುವೆ ಸೋಮವಾರ, ಮುಹೂರ್ತ ಹನ್ನೊಂದು ಮುಕ್ಕಾಲಕ್ಕೆ. ಬೆಳಗ್ಗೆ ಆರಕ್ಕೇ ಸಂಜೀವಪ್ಪ ಸೈಕಲ್ ಹತ್ತಿ ಹೂವಿನ ಬುಟ್ಟಿ ತರಲು ದೇವನಹಳ್ಳಿಗೆ ಹೋದ. ಇತ್ತ ಗಂಡಿನ ಕಡೆಯವರ ಲಾರಿ ಸೂಲಿಬೆಲೆ ಹತ್ತಿರ ಪಂಕ್ಚರ್ ಆಗಿ ನಿಂತಿತು. ಸೋಮವಾರ ಏಳೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಗಂಡು ಊರು ಮುಟ್ಟಬೇಕೆಂದು ಆದಿನಾರಾಯಣಪ್ಪ ಮಗನನ್ನು ಒಂದು ಹಾಲಿನ ವ್ಯಾನಿಗೆ ಹತ್ತಿಸಿ, ಕೈಗೊಂದು ಛತ್ರಿ ಕೊಟ್ಟು ಮುಂದೆ ಕಳಿಸಿದರು. ಕಳಿಸುವಾಗ ಕಿವಿಮಾತು ಹೇಳಿದರು: "ಹೆಣ್ಣಿನ ಮನೇಲಿ ಏನನ್ನೂ ಕೇಳ್ಬೇಡ. ಅವರು ಹೇಳಿದ್ದು ಮಾಡು. ಒಂದೊಂದು ಕಡೆ ಒಂದೊಂದು ಶಾಸ್ತ್ರ ಇರ್ತದೆ."

ಏಳೂ ಕಾಲಿಗೆ ಆಂಜಿನಪ್ಪ ಚಪ್ಪರದ ಮುಂದೆ ಇಳಿದ. ಮನೆಯವರೆಲ್ಲ ಹಿತ್ತಿಲಲ್ಲಿ ಹೆಣ್ಣಿಗೆ ಎಣ್ಣೆ ಹಚ್ಚುವ ಸಡಗರದಲ್ಲಿದ್ದರು. ಚಪ್ಪರದ ಬಾಗಿಲಲ್ಲಿ ಇದ್ದವನು ಪಿಳ್ಳಪ್ಪ ಒಬ್ಬನೇ.

"ತಮ್ಮ ಹೆಸರು?"

"ಆಂಜಿನಪ್ಪ."

"ಯಾವ ಬಾಬ್ತು?"

"ನಾನು ಮದುವೆ ಗಂಡು."

ಪಿಳ್ಳಪ್ಪ ಕಟ್ಟು ಬಿಚ್ಚಿದ. ಮದುವೆ ಗಂಡು, ಗಂಡಿನ ಕಡೆಯವರಂತೆಯೇ. ಆ ಕಾರ್ಡು ತೆಗೆದ. ಗಂಡಿನ ಕಡೆಯವರು, ನೆಂಟನಂತೆಯೇ. ತಾಯಿ ಕಾರ್ಡು ತೆಗೆದ. ಹಾರ ಹಾಕಿದ, ಪಾನಕ ಕೊಟ್ಟ, ಬೀಸಣಿಗೆ ಬೀಸಿದ, ಕಾಲಿಗೆ ನೀರು ಕೊಟ್ಟ, ಕಾಫಿ ಕೊಟ್ಟ, ಎಲೆ ಹಾಕಿ ಉಪ್ಪಿಟ್ಟು ಬಡಿಸಿದ. ಧಾರೆ ಆಗುವವರೆಗೆ ಗಂಡು ಉಪವಾಸ ಇರಬೇಕೆಂದು ಆಂಜಿನಪ್ಪನ ಮನೆಯಲ್ಲಿ ಹೇಳಿದ್ದರು. ಇವರ ಕಡೆ ಉಪ್ಪಿಟ್ಟಿನ ಶಾಸ್ತ್ರ ಇರಬಹುದು, ಇವರ ಕಡೆಯೇ ವಾಸಿ ಎಂದುಕೊಂಡು ಅವನು ಮೂರು ಸಲ ಹಾಕಿಸಿಕೊಂಡು ತಿಂದ. ಎದ್ದ ಕೂಡಲೇ ಕೈಗೆ ತೆಂಗಿನಕಾಯಿ ಬಂತು. ಅರಳಿಕಟ್ಟೆಯ ಹತ್ತಿರ ಎಂಟೂ ಕಾಲಿನ ಹೊಸಕೋಟೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಪಿಳ್ಳಪ್ಪ ಅವನ ತೋಳು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿಸಿ, ಕಂಡಕ್ಟರಿಗೆ ಟಿಕೆಟ್ಟಿನ ಹಣವನ್ನೂ ಕೊಟ್ಟು, "ಊರಿಗೆ" ಎಂದ.

ಒಂದು ಗಳಿಗೆ ಆಂಜಿನಪ್ಪನಿಗೆ ಗಾಬರಿಯಾಯಿತು. ಮರುಗಳಿಗೆಯಲ್ಲೇ ಅರ್ಥವಾಯಿತು. ಕೊರಳಲ್ಲಿ ಹಾರ, ಕೈಯಲ್ಲಿ ಛತ್ರಿ, ಕಾಯಿ: ಇದು ಕಾಶಿಯಾತ್ರೆಯೇ. ಎಲ್ಲ ಕಡೆಯೂ ಗಂಡು ಛತ್ರಿ ಹಿಡಿದು ನಾಲ್ಕು ಹೆಜ್ಜೆ ಕಾಶಿ ಕಡೆ ನಡೆಯುವುದು, ಹೆಣ್ಣಿನ ಕಡೆಯವರು ಓಡಿಬಂದು ಕಾಲು ತೊಳೆದು, ಕಾಶಿಗೆ ಹೋಗಬೇಡಿ, ನಮ್ಮ ಹುಡುಗಿಯನ್ನು ಕೊಡುತ್ತೇವೆ ಎಂದು ಕರೆದುಕೊಂಡು ಹೋಗುವುದು ಇದ್ದದ್ದೇ. ಕುಂದಾಣದವರು ಅನುಕೂಲಸ್ಥರು, ಬಸ್ಸಿನಲ್ಲಿ ಮಾಡಿಸುತ್ತಾರೆ. ಮುಂದಿನ ಸ್ಟಾಪಿನಲ್ಲಿ ಬಂದು ತಡೆಯುತ್ತಾರೆ ಎಂದು ಅವನು ನೆಮ್ಮದಿಯಾಗಿ ಕಿಟಕಿಯ ಪಕ್ಕ ಕೂತ.

ದಾರಿಯಲ್ಲಿ ಸಂಜೀವಪ್ಪ ಹೂವಿನ ಬುಟ್ಟಿ ಹೇರಿಕೊಂಡು ಸೈಕಲ್ ತುಳಿಯುತ್ತ ಬರುತ್ತಿದ್ದ. ಎದುರಿಗೆ ಬಸ್ಸು ದೂಳೆಬ್ಬಿಸಿಕೊಂಡು ಹೋಯಿತು. ಕಿಟಕಿಯಿಂದ ಹಾರ ಹಾಕಿಕೊಂಡ ಯಾರೋ ಅವನಿಗೆ ಕೈ ಮುಗಿದರು. ತನ್ನ ಕೀರ್ತಿ ಇಷ್ಟು ದೂರ ಹಬ್ಬಿದೆಯಲ್ಲ ಎಂದು ಸಂಜೀವಪ್ಪ ಎರಡೂ ಕೈ ಎತ್ತಿ ಮುಗಿಯಲು ಹೋಗಿ, ಸೈಕಲ್ಲು ಸಮೇತ ರಾಗಿ ಹೊಲಕ್ಕೆ ಇಳಿದ.

ಒಂಬತ್ತಕ್ಕೆ ಚಪ್ಪರ ತಲುಪಿದರೆ ಪಿಳ್ಳಪ್ಪ ಕಾಲಿಗೆ ಬಿಸಿನೀರು ತಂದಿಟ್ಟ. ಕಾಫಿ ಕೊಟ್ಟ. ಎಲೆ ಹಾಕಿದ. ತಾನು ಕಟ್ಟಿದ ಪದ್ಧತಿ ತನಗೇ ಉಪಚಾರ ಮಾಡುವುದನ್ನು ನೋಡಿ ಸಂಜೀವಪ್ಪನಿಗೆ ಕಣ್ಣು ಒದ್ದೆಯಾಯಿತು. ಕೈ ತೊಳೆದು ಬಂದರೆ ತೆಂಗಿನಕಾಯಿ. ಕಾಯಿ ಹಿಡಿದದ್ದೇ ತಡ, ಪಿಳ್ಳಪ್ಪ ತೋಳು ಹಿಡಿದು ಅರಳಿಕಟ್ಟೆ ಕಡೆ ನಡೆಸಿದ.

"ಎಲ್ಲಿಗೆ, ಪಿಳ್ಳಪ್ಪ ಮಾವ?"

"ಒಂಬತ್ತೂವರೆ ಬಸ್ಸಿಗೆ."

"ನನ್ನನ್ನ ಯಾಕೆ?"

ಪಿಳ್ಳಪ್ಪ ಕಾರ್ಡು ತೋರಿಸಿದ. 'ಅಳಿಯ: ನೆಂಟನಂತೆಯೇ. ವಿಶೇಷ, ಬಿಸಿನೀರು.' "ಬಿಸಿನೀರು ಕೊಟ್ಟಿವ್ನಿ. ಮಿಕ್ಕಿದ್ದು ತಾಯಿ ಕಾರ್ಡಲ್ಲೈತೆ. ನಾನು ಬರೆದಿದ್ದಲ್ಲ, ನೀವೇ ಬರೆದಿದ್ದು."

ಸಂಜೀವಪ್ಪ ತೋಳು ಬಿಡಿಸಿಕೊಂಡು ಚಪ್ಪರಕ್ಕೆ ಓಡಿದ, ಪಿಳ್ಳಪ್ಪ ಬೆನ್ನ ಹಿಂದೆಯೇ ಬಂದ.

"ಮಾವ, ಗಂಡು ಬಂದ್ರಾ?"

"ಬಂದ್ರು."

"ಎಲ್ಲವ್ರೆ?"

"ಹತ್ತಿಸಾಯ್ತು. ಎಂಟೂ ಕಾಲಿಗೆ. ಸಹಿ ಮಾಡ್ಸೋಣ ಅಂದ್ರೆ ಕಾರ್ಡಲ್ಲಿ ಸಹಿ ಅಂತ ಬರೆದಿರ್ಲಿಲ್ಲ."

ಅಷ್ಟರಲ್ಲಿ ಓಲಗ ಊದಿಸಿಕೊಂಡು ಗಂಡಿನ ಕಡೆಯವರ ಲಾರಿ ಬಂದು ನಿಂತಿತು. ಆದಿನಾರಾಯಣಪ್ಪ ಇಳಿದು ಮೀಸೆ ತೀಡುತ್ತ ನೇರ ಅಪ್ಪಯ್ಯಣ್ಣನ ಹತ್ತಿರ ಬಂದರು. ಸಂಜೀವಪ್ಪ ಚಪ್ಪರದ ಕಂಬವನ್ನು ತಬ್ಬಿಕೊಂಡ. ಎಂಟು ಊರಿನ ಜನ ಸೇರಿ ಕಿತ್ತಿದ್ದರೂ ಆಗ ಅವನ ಕೈ ಬಿಡುತ್ತಿರಲಿಲ್ಲ.

"ಬೀಗರೇ, ಭಾರಿ ಏರ್ಪಾಟು ಮಾಡಿದ್ದೀರಿ. ದಾರೀಲಿ ಹುಡುಗ ಬಸ್ಸಲ್ಲಿ ಸಿಕ್ಕಿದ. ಹಾರ, ಛತ್ರಿ, ಕಾಯಿ ಎಲ್ಲಾ ಇತ್ತು. ನಮಗೂ ಕೈ ಮುಗಿದ. ಕಾಶಿಯಾತ್ರೆಗೆ ಬಸ್ಸು ಹತ್ತಿಸಿದ್ದನ್ನ ನನ್ನ ಆಯಸ್ಸಲ್ಲಿ ಇದೇ ಮೊದಲು ನೋಡಿದ್ದು."

ಏನೂ ಗೊತ್ತಿರದ ಅಪ್ಪಯ್ಯಣ್ಣ ಅಳಿಯನ ಕಡೆ ತಿರುಗಿದರು. ಅಳಿಯನ ಮುಖ ನೋಡಿದ ಮೇಲೆ ಎಲ್ಲವೂ ಗೊತ್ತಾಯಿತು. ಆದರೂ ಹಳೆಯ ಕುಳ, ದನಿ ಕೆಡಿಸಿಕೊಳ್ಳದೆ, "ನಮ್ಮಲ್ಲಿ ಸ್ವಲ್ಪ ದೂರ ಬಿಡ್ತೀವಿ" ಎಂದರು.

"ಎಷ್ಟು ದೂರ?"

"ಈಗ ಹೋಗಿ ಕರ್ಕೊಂಡ್ ಬರ್ತಾರೆ. ಕೂತ್ಕೊಳಿ ಬೀಗರೇ, ಪಾನಕ ತಗೊಳಿ." ಆಮೇಲೆ ಅಳಿಯನ ಕಿವಿಗೆ ಬಾಯಿಟ್ಟು, "ಮುಹೂರ್ತದೊಳಗೆ ಹುಡುಗ ಚಪ್ಪರದಲ್ಲಿರ್ಬೇಕು. ಇಲ್ದಿದ್ರೆ ನೀನೂ ಆ ಬಸ್ಸಲ್ಲೇ ಹೊರಟೋಗು" ಎಂದರು.

ಸುದ್ದಿ ಒಳಗೆ ಹೋಯಿತು. ಹಿತ್ತಿಲಿನಿಂದ ತಲೆಯಲ್ಲಿ ಎಣ್ಣೆ, ಕೆನ್ನೆಯಲ್ಲಿ ಅರಿಸಿನ ಹಾಗೇ ಇದ್ದ ಭಾಗ್ಯಮ್ಮ ದಾಪುಗಾಲು ಹಾಕಿಕೊಂಡು ಬಂದಳು. ಎಣ್ಣೆ ಹಚ್ಚುತ್ತಿದ್ದ ಹೆಂಗಸರು ಸೆರಗು ಎಳೆದು ಹಿಡಿದರೂ ನಿಲ್ಲಲಿಲ್ಲ.

"ಭಾವ, ಇನ್ನೊಂದು ಕಾರ್ಡು ಕೊಡಿ."

"ನಾನು ಬರೀತೀನಮ್ಮ, ಈಗ ತಾಯಿ ಕಾರ್ಡಲ್ಲಿ ಐದನೇದನ್ನ ಹೊಡೆದುಹಾಕಿ..."

"ನೀವು ಪೆನ್ನು ಮುಟ್ಟಬೇಡಿ. ಕೊಡಿ ಇಲ್ಲಿ."

ಅವಳು ಕಂಬಕ್ಕೆ ಕಾರ್ಡು ಒತ್ತಿ ಹಿಡಿದು ಮೂರು ಸಾಲು ಬರೆದಳು. ಯಾರಂತೆಯೂ ಅಲ್ಲ, ಯಾವ ತಾಯಿಯೂ ಇಲ್ಲ. 'ಆಂಜಿನಪ್ಪನವರನ್ನು ಕರೆದು ತರುವುದು. ಅವರು ಏನು ಕೇಳಿದರೂ ಮಾಡುವುದು. ತಂದ ಮೇಲೆ ಎಲ್ಲಿಗೂ ಬಿಡಕೂಡದು.' ಅದನ್ನು ಪಿಳ್ಳಪ್ಪನ ಕೈಗಿಟ್ಟಳು. ಪಿಳ್ಳಪ್ಪ ಬಿಸಿಲಿಗೆ ಹಿಡಿದು ತೂತು ಇದೆಯೇ ನೋಡಿದ, ಇತ್ತು. ಸಂಜೀವಪ್ಪನ ಜೊತೆ ಗಂಡಿನ ಕಡೆಯವರ ಲಾರಿ ಹತ್ತಿದ.

ಓಲಗದವರಿಗೆ ಇಳಿಯಲು ಪುರಸೊತ್ತಾಗಲಿಲ್ಲ. ಡ್ರೈವರು ತುಳಿದ ತುಳಿತಕ್ಕೆ ಲಾರಿಯ ಚಕ್ರ ನೆಲ ಮುಟ್ಟಿದ್ದು ಕುಂದಾಣದಿಂದ ದೇವನಹಳ್ಳಿಯೊಳಗೆ ಎರಡೇ ಸಲ. ಹಿಂದೆ ಓಲಗ ಕುಲುಕಾಟದಲ್ಲೇ ಊದುತ್ತಿತ್ತು. ದಾರಿಯ ಜನ ಎಲ್ಲೋ ಭಾರಿ ಮದುವೆ ನಡೆಯುತ್ತಿದೆ ಎಂದು ಮಾತಾಡಿಕೊಂಡರು.

ನಲ್ಲೂರಿನ ಹುಣಸೆ ತೋಪಿನ ಹತ್ತಿರ ಬಸ್ಸು ಸಿಕ್ಕಿತು. ಫ್ಯಾನ್ ಬೆಲ್ಟ್ ಕಿತ್ತು, ರೇಡಿಯೇಟರು ಹೊಗೆ ಬಿಡುತ್ತ ನಿಂತಿತ್ತು. ಮೂವತ್ತು ಜನ ಪ್ರಯಾಣಿಕರು ನೆರಳಲ್ಲಿ ಚೆಲ್ಲಿಕೊಂಡಿದ್ದರು. ಬಸ್ಸಿನೊಳಗೆ ಉಳಿದವನು ಒಬ್ಬನೇ. ಹಾರ ಬಾಡಿತ್ತು, ಛತ್ರಿ ನೆಟ್ಟಗೆ ಇತ್ತು.

ಸಂಜೀವಪ್ಪ ಕಿಟಕಿಯ ಕೆಳಗೆ ನಿಂತು ಕೈ ಜೋಡಿಸಿದ. "ಇಳೀರಿ ಸ್ವಾಮಿ, ದಯಮಾಡಿ. ಹತ್ತು ಗಂಟೆ ಆಯ್ತು."

ಆಂಜಿನಪ್ಪನ ಮುಖ ಅರಳಿತು. ಎದ್ದೂಬಿಟ್ಟ. ಆದರೆ ಹೊರಗೆ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕಿ ಮಾರಕ್ಕ, "ಕೂತ್ಕೊಳ್ಳಪ್ಪ" ಎಂದಳು. ಅವಳು ಸೂಲಿಬೆಲೆಗೆ ಮಗಳ ಮನೆಗೆ ಹೊರಟವಳು; ಕುಂದಾಣ ಬಿಟ್ಟಾಗಿನಿಂದ ಹುಡುಗನ ಕಥೆಯೆಲ್ಲ ಕೇಳಿ ಅವನ ಕಡೆಯ ಹಿರಿಯಳಾಗಿಬಿಟ್ಟಿದ್ದಳು.

"ನೀನ್ಯಾರಪ್ಪ ಕರೆಯೋಕೆ?"

"ನಾನು ಹೆಣ್ಣಿನ ಅಕ್ಕನ ಗಂಡ, ಅಜ್ಜಿ."

"ಷಡ್ಡಕ ಬಂದು ಕೂಗಿದ್ರೆ ಕಾಶಿಯಿಂದ ಇಳ್ಕೊಂಡ್ ಬರೋ ಶಾಸ್ತ್ರ ಯಾವ ಸೀಮೇಲೈತೆ? ಹೆಣ್ಣಿನ ಅಣ್ಣನೋ ಸೋದರಮಾವನೋ ಬಂದು ಕಾಲು ತೊಳೀಬೇಕು. ಮೊದಲೇ ರಾಹುಕಾಲದಾಗೆ ಹೊರಟವ್ನೆ ಹುಡುಗ. ಇದಾದ್ರೂ ನೆಟ್ಟಗಾಗ್ಲಿ."

"ಹೌದು, ನೆಟ್ಟಗಾಗ್ಲಿ" ಎಂದರು ಮೂವತ್ತು ಜನ. ಬಸ್ಸು ಕೆಟ್ಟಾಗಿನಿಂದ ಅವರಿಗೂ ಬೇರೆ ಕೆಲಸವಿರಲಿಲ್ಲ.

ಸಂಜೀವಪ್ಪ ಪಿಳ್ಳಪ್ಪನನ್ನು ಮುಂದೆ ತಳ್ಳಿದ. "ತೊಳೀರಿ ಮಾವ."

ಪಿಳ್ಳಪ್ಪ ಅಲ್ಲಾಡಲಿಲ್ಲ. "ಇವರಿಗೆ ಕಾಲಿಗೆ ನೀರು ಬೆಳಗ್ಗೆ ಏಳೂ ಇಪ್ಪತ್ತಕ್ಕೇ ಕೊಟ್ಟಾಗೈತೆ. ಎರಡನೇ ಸಲ ಅಂತ ಎಲ್ಲೂ ಇಲ್ಲ."

"ಮಾವ, ಹೊಸ ಕಾರ್ಡು ಓದಿ."

"ಓದಿವ್ನಿ. ಅವರು ಏನು ಕೇಳಿದ್ರೂ ಅಂತೈತೆ. ಅವರಿನ್ನೂ ಕೇಳಿಲ್ಲ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಹೆಣ್ಣಿನ ಮನೆಯಲ್ಲಿ ಏನನ್ನೂ ಕೇಳಬೇಡ ಎಂದು ಅಪ್ಪ ಹೇಳಿದ್ದು ಆಂಜಿನಪ್ಪನಿಗೆ ನೆನಪಿತ್ತು. ಅವನು ತುಟಿ ಬಿಗಿದು ಕೂತ. ಸಂಜೀವಪ್ಪ ಗಡಿಯಾರ ನೋಡಿದ, ಹತ್ತೂ ಇಪ್ಪತ್ತು. ಹಿಂದಕ್ಕೆ ಮುಕ್ಕಾಲು ಗಂಟೆ ದಾರಿ. ಅವನು ಪಿಳ್ಳಪ್ಪನ ಕೈಯಿಂದ ಕಾರ್ಡು ಕಿತ್ತುಕೊಂಡು ಕಿಟಕಿಗೆ ಹಿಡಿದ.

"ಇದು ಭಾಗ್ಯಮ್ಮ ಸ್ವಂತ ಕೈಯಲ್ಲಿ ಬರೆದಿದ್ದು, ಮೇಷ್ಟ್ರೇ. ನೀವೇ ಓದ್ಕೊಳಿ."

ಆಂಜಿನಪ್ಪ ಓದಿದ. ಮೇಷ್ಟ್ರಾದ್ದರಿಂದ ಮೊದಲು ಕಾಗುಣಿತ ನೋಡಿದ, ತಪ್ಪಿರಲಿಲ್ಲ. ಆಮೇಲೆ ಮೂರನೇ ಸಾಲು ನೋಡಿದ. 'ಎಲ್ಲಿಗೂ ಬಿಡಕೂಡದು' ಎಂಬುದನ್ನು ಎರಡು ಸಲ ಓದಿದ. ಕಿವಿ ಕೆಂಪಗಾಯಿತು.

"ಹಾಗಾದ್ರೆ ಕೇಳ್ತೀನಿ" ಎಂದ. "ಕಾಲು ತೊಳೀಲಿ. ಆಮೇಲೆ ಇವರನ್ನೆಲ್ಲ ಇಲ್ಲಿ ಬಿಟ್ಟು ಹೋಗೋದು ಸರಿಯಲ್ಲ. ಬೆಳಗ್ಗೆಯಿಂದ ಹಸ್ಕೊಂಡವ್ರೆ. ಎಲ್ಲರೂ ಮದುವೆಗೆ ಬರ್ಲಿ."

ಕೇಳಿದ್ದೇ ತಡ, ಪಿಳ್ಳಪ್ಪ ಯಂತ್ರದಂತೆ ಹೊರಟ. ಕಂಡಕ್ಟರು ರೇಡಿಯೇಟರಿಗೆ ತಂದಿಟ್ಟಿದ್ದ ಡಬ್ಬದ ನೀರಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆಯೇ ಕಾಲು ತೊಳೆದು, "ಕಾಶಿಗೆ ಹೋಗ್ಬೇಡಿ, ನಮ್ಮ ಹುಡುಗೀನ ಕೊಡ್ತೀವಿ" ಎಂದ. ಓಲಗದವರು ಗಟ್ಟಿಮೇಳ ಊದಿದರು. ಮಾರಕ್ಕ ಕಣ್ಣೊರೆಸಿಕೊಂಡು, ತನ್ನ ಮಗಳ ಮದುವೆಯಲ್ಲೂ ಇಷ್ಟು ಶಾಸ್ತ್ರೋಕ್ತವಾಗಿ ಆಗಿರಲಿಲ್ಲ ಎಂದಳು. ಬಸ್ಸು ಕಾಯಲು ಡ್ರೈವರು ಒಬ್ಬ ಉಳಿದ. ಅವನಿಗೆ ಊಟ ಕಳಿಸುವ ಮಾತಾಯಿತು. ಮಿಕ್ಕವರೆಲ್ಲ ಲಾರಿಗೆ.

ಹನ್ನೊಂದೂ ಹತ್ತಕ್ಕೆ ಲಾರಿ ಚಪ್ಪರದ ಮುಂದೆ ನಿಂತಾಗ ಆದಿನಾರಾಯಣಪ್ಪ ಪುರೋಹಿತರಿಗೆ, ಈ ಊರಿನವರು ಕಾಶಿಯಾತ್ರೆಯನ್ನು ಎಷ್ಟು ಮುತುವರ್ಜಿಯಿಂದ ಮಾಡಿಸುತ್ತಾರೆ ಎಂದು ವರ್ಣಿಸುತ್ತಿದ್ದರು. ಮಗನ ಹಿಂದೆ ಮೂವತ್ತು ಜನ ಇಳಿಯುವುದನ್ನು ನೋಡಿ ಮೀಸೆ ತೀಡುತ್ತಿದ್ದ ಅವರ ಕೈ ನಿಂತುಬಿಟ್ಟಿತು.

"ಬೀಗರೇ, ಇವರೆಲ್ಲ ಯಾರು?"

ಅಪ್ಪಯ್ಯಣ್ಣ ಅಳಿಯನನ್ನು ನೋಡಿದರು, ಪಿಳ್ಳಪ್ಪನನ್ನು ನೋಡಿದರು. "ಕಾಶಿಯೋರು" ಎಂದರು.

ಇದರಿಂದ ಸಮೇತನಹಳ್ಳಿಯವರಿಗೆ ಕುಂದಾಣದ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ. ಹನ್ನೊಂದು ನಲವತ್ತನಾಲ್ಕಕ್ಕೆ ಧಾರೆ ನಡೆಯಿತು. ಒಂದು ನಿಮಿಷ ಮುಂಚೆ, ಕುಂದಾಣದ ಚರಿತ್ರೆಯಲ್ಲೇ ಅದೊಂದು ಸಲ. ಪಿಳ್ಳಪ್ಪ ಕಾಶಿಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಕೇಳಿ ಉಪಚರಿಸಿದ. ಕಾಲಿಗೆ ನೀರು, ಕಾಫಿ, ಎಲೆ, ಕಾಯಿ, ಕೊನೆಗೆ ಮೂರೂವರೆ ಬಸ್ಸು. ಬಂದವರೂ ಅದನ್ನೇ ಬಯಸಿದ್ದರು. ತನ್ನ ತಾಯಿ ಕಾರ್ಡು ಮೊದಲನೇ ಸಲ ಒಂದು ತಪ್ಪೂ ಇಲ್ಲದೆ ನಡೆದದ್ದನ್ನು ಸಂಜೀವಪ್ಪ ಕಂಬದ ಮರೆಯಿಂದ ನೋಡಿ ಹಿಗ್ಗಿದ. ಪಕ್ಕದಲ್ಲಿ ನಿಂತ ವರಲಕ್ಷ್ಮಮ್ಮ, "ಕರೀದೆ ಬಂದೋರಿಗೆ ಮಾತ್ರ ನಿಮ್ಮ ಪದ್ಧತಿ ಸರಿಯಾಗ್ತದೆ" ಎಂದಳು.

ಮರುದಿನ ಹೆಣ್ಣು ಕಳಿಸಿಕೊಡುವ ಶಾಸ್ತ್ರ. ಮಡಿಲು ತುಂಬಿದ್ದಾಯಿತು. ಲಾರಿ ಬಂದು ನಿಂತಿತು. ಆದಿನಾರಾಯಣಪ್ಪ ಮಗ ಸೊಸೆಯನ್ನು ಮುಂದಿಟ್ಟುಕೊಂಡು ಬಾಗಿಲಿಗೆ ಬಂದರೆ ಹೊಸಿಲಿಗೆ ಅಡ್ಡವಾಗಿ ಪಿಳ್ಳಪ್ಪ ನಿಂತಿದ್ದ.

"ಹುಡುಗಿ ಹೋಗ್ಬೋದು. ಇವರನ್ನ ಬಿಡೋಕಾಗಲ್ಲ."

"ಯಾಕಪ್ಪ?"

ಪಿಳ್ಳಪ್ಪ ಕಾರ್ಡು ತೆಗೆದು ಗಟ್ಟಿಯಾಗಿ ಓದಿದ. "ತಂದ ಮೇಲೆ ಎಲ್ಲಿಗೂ ಬಿಡಕೂಡದು."

"ಎಷ್ಟು ದಿನ?"

"ಬರೆದಿಲ್ಲ."

ಅಪ್ಪಯ್ಯಣ್ಣ ಗದರಿದರು, ಒಡಹುಟ್ಟಿದ ಅಕ್ಕನೇ ಕೈ ಹಿಡಿದು ಕೇಳಿಕೊಂಡಳು, ಪಟೇಲರು ಬಂದು ಬುದ್ಧಿ ಹೇಳಿದರು. ಹೆತ್ತ ತಂದೆಗೇ ಸಮನ್ಸು ಕೊಟ್ಟವನು ಇವರಿಗೆಲ್ಲ ಬಗ್ಗುತ್ತಾನೆಯೇ. ಬರೆದವರೇ ಇನ್ನೊಂದು ಕಾರ್ಡು ಬರೆದುಕೊಡಬೇಕು, ಅಷ್ಟೇ ಎಂದ. ಸಂಜೀವಪ್ಪ ಆಸೆಯಿಂದ ಜೇಬಿನ ಪೆನ್ನಿಗೆ ಕೈ ಹಾಕಿದ. ಹನ್ನೆರಡು ಜನ ಅವನ ಕೈ ಹಿಡಿದು, ಪೆನ್ನು ಕಿತ್ತು ಭಾಗ್ಯಮ್ಮನಿಗೆ ಕೊಟ್ಟರು.

ಅವಳು ಪೆನ್ನಿನ ಮುಚ್ಚಳ ತೆಗೆದಳು. ಗಂಡನ ಮುಖ ನೋಡಿದಳು. ಅವನು ಅಡಿಗೆಮನೆ ಕಡೆ ನೋಡುತ್ತಿದ್ದ. ಒಳಗೆ ಹೆಂಚಿನ ಮೇಲೆ ಒಬ್ಬಟ್ಟು ಬೇಯುವ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನೂ ಇವಳ ಕಡೆ ತಿರುಗಿ, ಯಾರಿಗೂ ಕಾಣದ ಹಾಗೆ ತಲೆಯನ್ನು ಒಂದೇ ಒಂದು ಸಲ ಅಡ್ಡಡ್ಡ ಆಡಿಸಿದ.

ಭಾಗ್ಯಮ್ಮ ಮುಚ್ಚಳವನ್ನು ಮತ್ತೆ ಹಾಕಿದಳು.

"ಇಂಕು ಮುಗಿದುಹೋಗಿದೆ, ಭಾವ" ಎಂದಳು. "ನಾಳೆ ಬರೀತೀನಿ."